ಪಾವಣೇದೋನ್ ಕಿಲೋ ಅಂದರೆ ಎಷ್ಟು?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತು. ಓದುವವರ ಅನುಕೂಲಕ್ಕೆಂದು ಕೆಲವು ಲೆಕ್ಕಗಳನ್ನು ಇಲ್ಲಿ ಬರೆದು ತೋರಿಸಿದ್ದೇವೆ.)



ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಕನ್ನಡ ಬಿ.ಎ. ಗಣಿತದ ಮೇಷ್ಟರ ಕುರ್ಚಿಯ ಮೇಲೆ ನನಗೆ ಕಣ್ಣಿಲ್ಲ. ಆದರೆ ಮೈಕಿನ ಮುಂದೆ ಕೂತವರಿಗೆ ಅಂಕಿಗಳ ಸಹವಾಸ ತಪ್ಪುವುದಿಲ್ಲ ನೋಡಿ. ಪೆಟ್ರೋಲ್ ದರ, ಬಿದ್ದ ಮಳೆಯ ಮಿಲಿಮೀಟರು, ನಿನ್ನೆಯ ತಾಪಮಾನ, ಚಿನ್ನದ ಬೆಲೆ, ನಮ್ಮ ಎಫ್ಎಂ ಡಯಲ್ಲಿನ ಸಂಖ್ಯೆ, ಎಲ್ಲದರ ನಡುವೆಯೂ ಒಂದು ಚುಕ್ಕಿ ಕೂತಿರುತ್ತದೆ. ಶಾಲೆಯಲ್ಲಿ ಅದಕ್ಕೆ ದಶಮಾಂಶ ಬಿಂದು ಅಂತ ಹೆಸರು. ಮಾತಿನಲ್ಲಿ ನಾವೆಲ್ಲ ‘ಪಾಯಿಂಟ್’ ಎಂದೇ ಅನ್ನುವುದು.

ಪುಣೆಯಿಂದ ಒಬ್ಬ ಕೇಳುಗರು ಬರೆದ ಪತ್ರ ಈ ಮಾತಿಗೆ ಕಾರಣ. ಅವರು ಓದಿದ್ದು ಧಾರವಾಡದ ಕಡೆ, ಕನ್ನಡ ಮಾಧ್ಯಮದಲ್ಲಿ. ಮಗಳು ಇಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ಕ್ಲಾಸು. ದಶಮಾಂಶದ ಕೂಡುವ ಕಳೆಯುವ ಲೆಕ್ಕಗಳು, ಅದರಲ್ಲೂ ಕತೆಯ ಹಾಗೆ ಬರೆದ ವಾಕ್ಯರೂಪದ ಲೆಕ್ಕಗಳು ಬಂದರೆ ತಾಯಿ ಹತ್ತಿರ ಕೂರುತ್ತಾರೆ. ಮಗಳು, ಅಮ್ಮಾ ನಿನಗೆ ಡೆಸಿಮಲ್ ಗೊತ್ತಿಲ್ಲ ಬಿಡು ಅನ್ನುತ್ತಾಳೆ. ಅದೇ ತಾಯಿ ಭಾನುವಾರ ಮಂಡಿಗೆ ಹೋಗಿ ಹನ್ನೊಂದು ಬಗೆಯ ತರಕಾರಿ ಕೊಂಡು, ಪೆನ್ನು ಕಾಗದ ಇಲ್ಲದೆ ಚಿಲ್ಲರೆ ಎಣಿಸಿಕೊಂಡು ಬರುತ್ತಾರೆ. ಮಗಳನ್ನು ಒಬ್ಬಳನ್ನೇ ಕಳಿಸಿದರೆ ಅಂಗಡಿಯವನು ಕೊಟ್ಟಷ್ಟು ತಂದುಬಿಡುತ್ತಾಳಂತೆ. ಹೀಗಿರುವಾಗ ಇಬ್ಬರಲ್ಲಿ ಯಾರಿಗೆ ಲೆಕ್ಕ ಬರುತ್ತದೆ ಎಂದು ಅವರ ಪ್ರಶ್ನೆ. ಇಬ್ಬರಿಗೂ ಬರುತ್ತದೆ ಎಂದೇ ನನ್ನ ಉತ್ತರ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ, ಅಷ್ಟೆ.

ಪತ್ರದಲ್ಲಿದ್ದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಟೊಮೆಟೊ 1.25 ಕಿಲೋ, ಬೀನ್ಸ್ 0.5 ಕಿಲೋ. ಎರಡೂ ಸೇರಿ ಎಷ್ಟು? ಮಗು ಬರೆದ ಉತ್ತರ 1.30. ನಿಮ್ಮ ಮನೆಯ ಮಗುವನ್ನು ಕೇಳಿ ನೋಡಿ, ಇದೇ ಉತ್ತರ ಬಂದರೆ ಆಶ್ಚರ್ಯವಿಲ್ಲ. ದಯವಿಟ್ಟು ಬೈಯಬೇಡಿ. ಮಗು ಮೂರನೇ ಕ್ಲಾಸಿನಲ್ಲಿ ಕಲಿತ ಪಾಠವನ್ನು ನಿಷ್ಠೆಯಿಂದ ಪಾಲಿಸಿದೆ. ಅಲ್ಲಿ 125ರ ಕೆಳಗೆ 5 ಬರೆಯುವಾಗ ಬಲತುದಿಗೆ ಬಲತುದಿ ಸೇರಿಸಿ ಬರೆಯಬೇಕು ಎಂದು ಕಲಿಸಿದ್ದರು. ಅದು ಸರಿಯೇ. ಪೂರ್ಣ ಸಂಖ್ಯೆಗಳಲ್ಲಿ ಬಿಡಿಗಳು ಬಲತುದಿಯಲ್ಲೇ ಇರುತ್ತವೆ. ಚುಕ್ಕಿ ಬಂದ ಮೇಲೆ ಮಾತ್ರ ಬಲತುದಿಯಲ್ಲಿ ಯಾರಿದ್ದಾರೆ ಎಂಬುದು ಖಾತ್ರಿಯಿಲ್ಲ. 1.25ರ ಬಲತುದಿಯಲ್ಲಿ ಕೂತಿರುವ 5, ನೂರನೇ ಭಾಗಗಳ ಮನೆಯವನು. 0.5ರ ಬಲತುದಿಯ 5, ಹತ್ತನೇ ಭಾಗಗಳ ಮನೆಯವನು. ಹೆಸರು ಒಂದೇ, ಮನೆ ಬೇರೆ. ಒಬ್ಬನ ಪತ್ರ ಇನ್ನೊಬ್ಬನಿಗೆ ಕೊಟ್ಟ ಹಾಗಾಯಿತು.

ತಕ್ಕಡಿಯ ಭಾಷೆಯಲ್ಲಿ ಹೇಳಿದರೆ ಇನ್ನೂ ಸಲೀಸು. ಕಿಲೋದಲ್ಲಿ ಚುಕ್ಕಿಯ ಬಲಗಡೆಯ ಮೊದಲ ಮನೆ ನೂರು ಗ್ರಾಂಗಳದ್ದು, ಎರಡನೆಯದು ಹತ್ತು ಗ್ರಾಂಗಳದ್ದು, ಮೂರನೆಯದು ಒಂದೊಂದು ಗ್ರಾಂನದ್ದು. 0.5 ಎಂದರೆ ಐದು ನೂರು ಗ್ರಾಂ. 1.25ರ ಕೊನೆಯ 5 ಎಂದರೆ ಐದು ಹತ್ತು, ಅಂದರೆ ಬರೀ ಐವತ್ತು ಗ್ರಾಂ. ಐನೂರನ್ನೂ ಐವತ್ತನ್ನೂ ಒಂದೇ ಮನೆಯಲ್ಲಿ ಹೇಗೆ ಕೂಡುತ್ತೀರಿ? ಅದಕ್ಕೇ ಬಲತುದಿಯ ಕೆಳಗೆ ಬಲತುದಿ ಬರೆಯದೆ ಚುಕ್ಕಿಯ ಕೆಳಗೆ ಚುಕ್ಕಿ ಬರೆಯಬೇಕು. ಖಾಲಿ ಉಳಿದ ಮನೆಗೆ ಸೊನ್ನೆ ಹಾಕಿಕೊಂಡರೆ ಕಣ್ಣಿಗೂ ನೆಮ್ಮದಿ.

1.25
0.50
ಒಟ್ಟು 1.75

ಬಲಗಡೆ ಕೊನೆಯಲ್ಲಿ ಎಷ್ಟು ಸೊನ್ನೆ ಹಾಕಿದರೂ ತೂಕ ಬದಲಾಗುವುದಿಲ್ಲ. 0.5, 0.50, 0.500 ಮೂರೂ ಅದೇ ಅರ್ಧ ಕಿಲೋ ಬೀನ್ಸ್. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ 0.500 ಎಂದು ತೋರಿಸುವುದು ಗ್ರಾಂವರೆಗೂ ಹೇಳಬೇಕಾದ ಶಿಸ್ತಿಗಾಗಿ. ಆದರೆ ಚುಕ್ಕಿಗೂ ಅಂಕಿಗೂ ನಡುವೆ ಸೊನ್ನೆ ನುಗ್ಗಿತೋ, ಕತೆಯೇ ಬೇರೆ. 0.05 ಅಂದರೆ ಐವತ್ತೇ ಗ್ರಾಂ. ಅಷ್ಟು ಬೀನ್ಸಿನಲ್ಲಿ ಒಬ್ಬರಿಗೂ ಪಲ್ಯವಾಗುವುದಿಲ್ಲ.

ಈಗ ಅಜ್ಜಿಯರ ಸರದಿ. ಮನೆಯಲ್ಲಿ ಅಜ್ಜಿ ಇದ್ದರೆ ಇದೇ ಲೆಕ್ಕವನ್ನು ಬಾಯಲ್ಲಿ ಕೇಳಿ. ಒಂದೂಕಾಲು ಕಿಲೋ, ಅದರ ಮೇಲೆ ಅರ್ಧ ಕಿಲೋ, ಎಷ್ಟಾಯಿತಜ್ಜಿ? ಅವರು ಎಲೆ ಅಡಿಕೆ ತಿರುವುತ್ತಲೇ ‘ಒಂದೂಮುಕ್ಕಾಲು’ ಅನ್ನುತ್ತಾರೆ. ಕಾಲಿಗೆ ಅರ್ಧ ಸೇರಿದರೆ ಮುಕ್ಕಾಲು ಎಂಬುದು ಅವರ ನಾಲಿಗೆಯ ಮೇಲಿದೆ. ಕಾಲು 0.25, ಅರ್ಧ 0.5, ಮುಕ್ಕಾಲು 0.75. ಮಗುವಿನ ಪುಸ್ತಕದಲ್ಲಿರುವುದೂ ಅಜ್ಜಿಯ ಬಾಯಲ್ಲಿರುವುದೂ ಒಂದೇ ತೂಕ. ಮಗು 1.30 ಎಂದು ಬರೆದ ತಕ್ಷಣ, ‘ಅದು ಒಂದೂಕಾಲಿಗಿಂತ ಬರೀ ಐವತ್ತು ಗ್ರಾಂ ಜಾಸ್ತಿ ಕಣೇ, ಅರ್ಧ ಕಿಲೋ ಬೀನ್ಸ್ ಎಲ್ಲಿ ಹೋಯಿತು?’ ಎಂದು ಕೇಳಬಲ್ಲವರು ಮನೆಯಲ್ಲೇ ಇದ್ದಾರೆ. ಆ ಪ್ರಶ್ನೆ ಯಾವ ಟ್ಯೂಷನ್ನಿಗೂ ಕಡಿಮೆಯಲ್ಲ.

ಇಲ್ಲಿ ಹೊರನಾಡ ಕನ್ನಡಿಗರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಮುಂಬಯಿಗೆ ಹೊಸದಾಗಿ ಬಂದವರು ದಾದರಿನಲ್ಲೋ ಪುಣೆಯ ಮಂಡಿಯಲ್ಲೋ ‘ಪಾವಣೇದೋನ್ ಕಿಲೋ’ ಎಂಬ ಮಾತು ಕೇಳುತ್ತಾರೆ. ‘ದೋನ್’ ಎರಡು ಎಂದು ಗೊತ್ತು. ‘ಪಾವ್’ ಅಂದರೆ ಕಾಲು ಎಂದೂ ಗೊತ್ತು. ಕನ್ನಡದ ಕಿವಿ ಸಹಜವಾಗಿ ಎರಡನ್ನೂ ಕೂಡುತ್ತದೆ, ಎರಡೂಕಾಲು! ಆದರೆ ಅದು ಒಂದೂಮುಕ್ಕಾಲು. ಮರಾಠಿಯ ಪಾವಣೇದೋನ್, ಹಿಂದಿಯ ಪೌನೇ ದೋ, ಎರಡೂ ‘ಎರಡಕ್ಕೆ ಕಾಲು ಕಡಿಮೆ’ ಎಂದು ಹೇಳುತ್ತವೆ. ನಾವು ಕನ್ನಡದಲ್ಲಿ ಒಂದರ ಮೇಲೆ ಮುಕ್ಕಾಲು ಕೂಡುತ್ತೇವೆ, ಅವರು ಎರಡರಿಂದ ಕಾಲು ಕಳೆಯುತ್ತಾರೆ. 1 + 0.75 ಕೂಡ 1.75, 2 − 0.25 ಕೂಡ 1.75. ಒಂದೇ ಮನೆಗೆ ಮುಂಬಾಗಿಲಿನಿಂದಲೂ ಹೋಗಬಹುದು, ಹಿತ್ತಲ ಬಾಗಿಲಿನಿಂದಲೂ ಹೋಗಬಹುದು. ಬಾಗಿಲು ಯಾವುದೆಂದು ತಿಳಿಯದಿದ್ದರೆ ಅರ್ಧ ಕಿಲೋದಷ್ಟು ವ್ಯತ್ಯಾಸ: 2.25 − 1.75 = 0.50.

ಉಳಿದ ಮಾತುಗಳನ್ನೂ ಒಮ್ಮೆ ನೋಡಿಬಿಡೋಣ. ಸವ್ವಾ ಅಥವಾ ಸವಾ ಎಂದರೆ 1.25, ದೀಡ್ ಅಥವಾ ಡೇಢ್ ಎಂದರೆ 1.5, ಅಡೀಚ್ ಅಥವಾ ಢಾಯಿ ಎಂದರೆ 2.5. ಆಮೇಲೆ ಸಾಡೇತೀನ್ 3.5, ಹೀಗೆ ಮುಂದಕ್ಕೆ. ಡೇಢ್ ಮತ್ತು ಢಾಯಿ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಅವುಗಳ ನಡುವೆ ಪೂರ್ತಿ ಒಂದು ಕಿಲೋ ಇದೆ. ದೆಹಲಿಯಲ್ಲಿರುವವರು ಇದನ್ನು ಮಕ್ಕಳಿಗೆ ಆಟದ ಹಾಗೆ ಕಲಿಸಬಹುದು. ನೀವು ಸವಾ ಅನ್ನಿ, ಮಗು ಕನ್ನಡದಲ್ಲಿ ಒಂದೂಕಾಲು ಅನ್ನಲಿ, ಕಾಗದದ ಮೇಲೆ 1.25 ಎಂದು ಬರೆಯಲಿ. ಚುಕ್ಕಿಯ ಹೆಸರು ಕೂಡ ಊರಿಗೊಂದು. ದೆಹಲಿಯ ಶಾಲೆಯಲ್ಲಿ ಅದು ದಶಮಲವ್, ಪುಣೆಯಲ್ಲಿ ದಶಾಂಶ, ಚೆನ್ನೈಯಲ್ಲಿ ಪುಳ್ಳಿ. ಹೆಸರು ಏನೇ ಇರಲಿ, ಅದರ ಎಡಕ್ಕೆ ಇಡಿ, ಬಲಕ್ಕೆ ಬಿಡಿಚೂರು.

ನಮ್ಮ ಹಿರಿಯರಿಗೆ ಇದಕ್ಕಿಂತ ಕಷ್ಟದ ಲೆಕ್ಕಗಳಿದ್ದವು ಎಂದರೆ ಮಕ್ಕಳು ನಂಬುವುದಿಲ್ಲ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಮೂರು ರೂಪಾಯಿ ಹನ್ನೆರಡಾಣೆ ಒಂಬತ್ತು ಪೈಗೆ ಎರಡು ರೂಪಾಯಿ ಏಳಾಣೆ ಆರು ಪೈ ಕೂಡಿಸಬೇಕು ಎನ್ನಿ. ಪೈಗಳು 15, ಅದರಲ್ಲಿ 12 ಹೋಗಿ ಒಂದು ಆಣೆಯಾಯಿತು, 3 ಪೈ ಉಳಿಯಿತು. ಆಣೆಗಳು 12, 7, ಮೇಲೆ ಬಂದ 1, ಒಟ್ಟು 20. ಅದರಲ್ಲಿ 16 ಹೋಗಿ ಒಂದು ರೂಪಾಯಿ, 4 ಆಣೆ ಉಳಿಯಿತು. ಕೊನೆಗೆ ಆರು ರೂಪಾಯಿ ನಾಲ್ಕಾಣೆ ಮೂರು ಪೈ. ಒಂದು ಮನೆಯಲ್ಲಿ ಹನ್ನೆರಡಕ್ಕೆ ದಶಕ ಏರಿಸಬೇಕು, ಪಕ್ಕದ ಮನೆಯಲ್ಲಿ ಹದಿನಾರಕ್ಕೆ! ಈ ತಾಪತ್ರಯ ನೀಗಿದ್ದು 1957ರ ಏಪ್ರಿಲ್ 1ರಂದು, ರೂಪಾಯಿಗೆ 100 ನಯಾ ಪೈಸೆ ಎಂದಾದಾಗ. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. 1956ರ ಕಾಯ್ದೆಯಿಂದ ಸೇರು ಚಟಾಕುಗಳ ಜಾಗಕ್ಕೆ ಕಿಲೋ ಗ್ರಾಂಗಳೂ ಬಂದವು. ಅಂದಿನಿಂದ ಎಲ್ಲ ಮನೆಗಳಲ್ಲೂ ಹತ್ತಕ್ಕೇ ದಶಕ. ಇಂದಿನ ಮಗುವಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಗೊತ್ತಾಗಬೇಕಾದರೆ ಆ ಹಳೆಯ ಲೆಕ್ಕವನ್ನು ಒಂದು ಸಲ ಮಾಡಿಸಿ ನೋಡಿ. ನಾಲ್ಕಾಣೆ ಎಂಟಾಣೆ ಎಂಬ ಮಾತುಗಳು ಮಾತ್ರ ಉಳಿದುಕೊಂಡವು. ಹದಿನಾರಾಣೆ ಸತ್ಯವನ್ನು ನೂರು ಪೈಸೆ ಸತ್ಯ ಎಂದು ಇವತ್ತಿಗೂ ಯಾರೂ ಅನ್ನುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಇನ್ನೊಂದು ಎಚ್ಚರ ಬೇಕು. ಕ್ಯಾಲ್ಕುಲೇಟರ್ 12.5 ಎಂದು ತೋರಿಸಿದರೆ ಅದು ಹನ್ನೆರಡು ರೂಪಾಯಿ ಐವತ್ತು ಪೈಸೆ. ಅದನ್ನು ಹನ್ನೆರಡು ರೂಪಾಯಿ ಐದು ಪೈಸೆ ಎಂದು ಓದುವ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ಐದು ಪೈಸೆಗೆ 12.05 ಎಂದು ಬರೆಯಬೇಕು. ಯಂತ್ರ ಕೊನೆಯ ಸೊನ್ನೆಯನ್ನು ನುಂಗಿದೆ, ನೀವು ಅದನ್ನು ವಾಪಸು ಹಾಕಿಕೊಂಡು 12.50 ಎಂದು ಓದಿಕೊಳ್ಳಿ.

ಇನ್ನು ಕಳೆಯುವ ಲೆಕ್ಕ. ಮಕ್ಕಳಿಗೆ ಜ್ವರ ಬರುವುದು ಸೊನ್ನೆಗಳಿಂದ ಕಳೆಯುವಾಗ. 500 ರೂಪಾಯಿ ನೋಟು ಕೊಟ್ಟಿರಿ, ಬಿಲ್ಲು 347.60. ಚಿಲ್ಲರೆ ಎಷ್ಟು ಬರಬೇಕು? ಮೊದಲು 500 ಅನ್ನು 500.00 ಎಂದು ಬರೆದುಕೊಳ್ಳಿ. ಪೂರ್ಣ ಸಂಖ್ಯೆಗೂ ಒಂದು ಚುಕ್ಕಿ ಇರುತ್ತದೆ, ಕಾಣಿಸುವುದಿಲ್ಲ ಅಷ್ಟೆ. ಆಮೇಲೆ ಪಕ್ಕದ ಮನೆಯಿಂದ ಸಾಲ, ಆ ಮನೆಯಲ್ಲೂ ಇಲ್ಲದಿದ್ದರೆ ಅದರಾಚೆಯ ಮನೆಯಿಂದ ಸಾಲ. ಉತ್ತರ 152.40.

ಈ ಸಾಲದ ಸರಪಳಿ ತಪ್ಪಿಸಿಕೊಳ್ಳುವ ಉಪಾಯ ಕಿರಾಣಿ ಅಂಗಡಿಯ ಹಳೆಯ ಯಜಮಾನರಿಗೆ ಗೊತ್ತು. ಅವರು ಕಳೆಯುವುದೇ ಇಲ್ಲ, ಬಿಲ್ಲಿನಿಂದ ಮೇಲಕ್ಕೆ ಹತ್ತುತ್ತಾರೆ. 347.60ಕ್ಕೆ ನಲವತ್ತು ಪೈಸೆ ಸೇರಿದರೆ 348. ಎರಡು ರೂಪಾಯಿ ಸೇರಿದರೆ 350. ಐವತ್ತು ಸೇರಿದರೆ 400. ನೂರು ಸೇರಿದರೆ 500. ಕೈಗಿಟ್ಟದ್ದೆಷ್ಟು? 0.40, 2, 50, 100. ಒಟ್ಟು 152.40. ಎಂಥ ಚೆಂದ! ನನ್ನ ಅಭಿಪ್ರಾಯದಲ್ಲಿ ಶಾಲೆಯ ಸಾಲದ ಕ್ರಮಕ್ಕಿಂತ ಇದು ಬಾಯಿಲೆಕ್ಕಕ್ಕೆ ವಾಸಿ. ಪರೀಕ್ಷೆಯಲ್ಲಿ ಶಾಲೆಯ ಕ್ರಮದಲ್ಲೇ ಬರೆಯಲಿ, ಮನೆಯಲ್ಲಿ ಹೀಗೆ ತಾಳೆ ನೋಡಲಿ.

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೋದವು. ಹಾಗಾಗಿ ಅಂಗಡಿಯಲ್ಲಿ ನಲವತ್ತು ಪೈಸೆ ಕೈಗೆ ಸಿಗುವುದಿಲ್ಲ, ಬಿಲ್ಲನ್ನು ಹತ್ತಿರದ ರೂಪಾಯಿಗೆ ತರುತ್ತಾರೆ. ಆದರೆ ಮೊಬೈಲಿನಲ್ಲಿ ದುಡ್ಡು ಕಳಿಸುವಾಗ ಪೈಸೆ ಮತ್ತೆ ಜೀವಂತ. 347.60 ಎಂದರೆ ಸರಿಯಾಗಿ 347.60 ಹೋಗುತ್ತದೆ. ಅವಸರದಲ್ಲಿ ಚುಕ್ಕಿ ಒತ್ತುವುದನ್ನು ಮರೆತರೆ 34760 ಆಗುತ್ತದೆ. ಹಸಿರು ಗುಂಡಿ ಒತ್ತುವ ಮುಂಚೆ ಒಂದು ಉಸಿರು ಎಳೆದುಕೊಳ್ಳಿ.

ಚುಕ್ಕಿಯ ಬೆಲೆ ನಿಜವಾಗಿ ತಿಳಿಯುವುದು ಚಿನ್ನದಂಗಡಿಯಲ್ಲಿ. 2025ರಲ್ಲಿ ಚಿನ್ನ ಗ್ರಾಂಗೆ ಹತ್ತು ಸಾವಿರ ರೂಪಾಯಿ ದಾಟಿತು. ಲೆಕ್ಕಕ್ಕೆ ಹತ್ತು ಸಾವಿರ ಎಂದೇ ಹಿಡಿಯೋಣ. ಆಗ ಚುಕ್ಕಿಯ ಬಲಗಡೆಯ ಮೊದಲ ಮನೆಯ ಒಂದೊಂದು ಅಂಕಿಗೂ ಸಾವಿರ ರೂಪಾಯಿ, ಎರಡನೇ ಮನೆಯದಕ್ಕೆ ನೂರು, ಮೂರನೇ ಮನೆಯದಕ್ಕೆ ಹತ್ತು. ಹರಳಿನ ಒಡವೆಯೊಂದರ ಒಟ್ಟು ತೂಕ 23.450 ಗ್ರಾಂ, ಹರಳುಗಳ ತೂಕ 1.875 ಗ್ರಾಂ ಎನ್ನಿ. ಚಿನ್ನದ ದರದಲ್ಲಿ ನೀವು ಕೊಡಬೇಕಾದ್ದು ನಿವ್ವಳ ಚಿನ್ನಕ್ಕೆ ಮಾತ್ರ.

23.450
01.875
ಕಳೆದರೆ 21.575

ಈ ಕಳೆಯುವ ಲೆಕ್ಕ ಮಾಡದೆ ಒಟ್ಟು ತೂಕಕ್ಕೆ ದರ ಕಟ್ಟಿದರೆ 18,750 ರೂಪಾಯಿ ಹರಳಿನ ಹೆಸರಿನಲ್ಲಿ ಹೋಯಿತು. ಬಿಲ್ಲಿನಲ್ಲಿ ನಿವ್ವಳ ತೂಕವನ್ನು ಬೇರೆಯಾಗಿ ಬರೆಸಿಕೊಳ್ಳಿ, ಸಂಕೋಚ ಬೇಡ. ಇಲ್ಲೂ ಊರ ಮಾತಿನ ತೊಡಕುಂಟು. ಅಜ್ಜಿಯ ಕಾಲದ ತೊಲ 11.664 ಗ್ರಾಂ. ಇವತ್ತು ಮುಂಬಯಿಯ ಜವೇರಿ ಬಜಾರಿನಲ್ಲಿ ತೊಲ ಎಂದರೆ ರೂಢಿಯಲ್ಲಿ 10 ಗ್ರಾಂ. ಚೆನ್ನೈಯಲ್ಲಿ ಲೆಕ್ಕ ಸವರನ್ನಿನಲ್ಲಿ, ಅದು 8 ಗ್ರಾಂ. ‘ನನ್ನ ಒಂದು ತೊಲದ ಸರ ಕೊಟ್ಟು ಹೊಸದು ಒಂದು ತೊಲದ್ದು ತಂದೆ, ಸರಿಗೆ ಸರಿ ಹೋಯಿತು’ ಎಂದು ಯಾರಾದರೂ ಅಂದರೆ 11.664 − 10.000 = 1.664 ಗ್ರಾಂ ಎಲ್ಲಿ ಎಂದು ಕೇಳಿ. ನಮ್ಮ ಲೆಕ್ಕದ ದರದಲ್ಲಿ ಅದು ಹದಿನಾರು ಸಾವಿರಕ್ಕೂ ಮೇಲೆ.

ಔಷಧಿಯ ವಿಷಯದಲ್ಲಿ ತಮಾಷೆ ಸಲ್ಲದು. ವೈದ್ಯರು ಮಗುವಿಗೆ 2.5 ಮಿಲಿಲೀಟರ್ ಸಿರಪ್ ದಿನಕ್ಕೆ ಮೂರು ಸಲ, ಐದು ದಿನ ಎಂದು ಬರೆದುಕೊಟ್ಟಿದ್ದಾರೆ ಎನ್ನಿ. ದಿನಕ್ಕೆ 2.5 + 2.5 + 2.5 = 7.5. ಐದು ದಿನಕ್ಕೆ 37.5. 60 ಮಿಲಿಲೀಟರಿನ ಸೀಸೆಯಲ್ಲಿ 60.0 − 37.5 = 22.5 ಉಳಿಯಬೇಕು. ಮೊದಲ ದಿನವೇ ಸೀಸೆ ಬರಿದಾಗುತ್ತಿದ್ದರೆ ಯಾರೋ ಚುಕ್ಕಿಯನ್ನು ನೋಡದೆ 25 ಎಂದು ಓದಿದ್ದಾರೆ. ಇಂಥ ಅನಾಹುತ ತಪ್ಪಿಸಲಿಕ್ಕೆಂದೇ ವೈದ್ಯಲೋಕದಲ್ಲಿ ಎರಡು ನಿಯಮಗಳಿವೆ. ಅರ್ಧವನ್ನು ಬರೀ ಚುಕ್ಕಿ ಐದು ಎಂದು ಬರೆಯಬಾರದು, ಮುಂದೆ ಸೊನ್ನೆ ಇಟ್ಟು 0.5 ಎಂದೇ ಬರೆಯಬೇಕು. ಚುಕ್ಕಿ ಮಾಸಿದರೂ ಸೊನ್ನೆ ಕಣ್ಣು ತೆರೆಸುತ್ತದೆ. ಇನ್ನೊಂದು, ಐದನ್ನು 5.0 ಎಂದು ಬರೆಯಬಾರದು, ಚುಕ್ಕಿ ಮಾಸಿದರೆ ಅದು 50 ಆಗುತ್ತದೆ. ಗಣಿತದ ಪುಸ್ತಕದಲ್ಲಿ ಕೊನೆಯ ಸೊನ್ನೆ ನಿರಪಾಯಕಾರಿ, ಔಷಧಿಯ ಚೀಟಿಯಲ್ಲಿ ಅಲ್ಲ. ಮನೆಯಲ್ಲಿ ವಯಸ್ಸಾದವರ ಮಾತ್ರೆಯ ಪಟ್ಟಿ ಬರೆದು ಗೋಡೆಗೆ ಅಂಟಿಸುವವರೂ ಇದನ್ನು ಪಾಲಿಸಬಹುದು.

ಇನ್ನು ನನ್ನ ಕಸುಬಿಗೆ ಬರುತ್ತೇನೆ, ಓದುವ ಬಗೆ. ನೀರಜ್ ಚೋಪ್ರಾ 2021ರಲ್ಲಿ ಟೋಕಿಯೋದಲ್ಲಿ ಭರ್ಜಿ ಎಸೆದದ್ದು 87.58 ಮೀಟರು, 2024ರಲ್ಲಿ ಪ್ಯಾರಿಸ್ಸಿನಲ್ಲಿ 89.45. ಎಷ್ಟು ಮುಂದೆ ಹೋದರು? 89.45 − 87.58 = 1.87 ಮೀಟರು. ಆದರೂ ಚಿನ್ನ ಬೆಳ್ಳಿಯಾಯಿತು, ಏಕೆಂದರೆ ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದಿದ್ದರು. ಅಂತರ 3.52. ಇವನ್ನು ಓದುವಾಗ ‘ಎಂಬತ್ತೊಂಬತ್ತು ಪಾಯಿಂಟ್ ನಾಲ್ಕು ಐದು’ ಎಂದು ಬಿಡಿಬಿಡಿಯಾಗಿ ಓದಬೇಕೇ ಹೊರತು ‘ಪಾಯಿಂಟ್ ನಲವತ್ತೈದು’ ಎಂದಲ್ಲ. ಯಾಕಿಷ್ಟು ಹಠ ಎನ್ನುತ್ತೀರಾ? ‘ಪಾಯಿಂಟ್ ನಲವತ್ತೈದು’ ಎಂದು ಕೇಳಿ ಬೆಳೆದ ಮಗುವಿಗೆ 0.45 ದೊಡ್ಡದೋ 0.5 ದೊಡ್ಡದೋ ಎಂದು ಕೇಳಿದರೆ, ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಅನ್ನುತ್ತದೆ. ಕಿವಿಯಿಂದ ಹೋದ ತಪ್ಪು ಕೈಯಲ್ಲಿ ಹೊರಬರುತ್ತದೆ. ರೂಪಾಯಿ ಪೈಸೆಗೆ ಮಾತ್ರ ರಿಯಾಯಿತಿ. ಅಲ್ಲಿ ಐವತ್ತೆಂಟು ಪೈಸೆ ಎಂದು ಎಣಿಸಿಯೇ ಹೇಳುತ್ತೇವೆ.

ಚುಕ್ಕಿಯ ಬಲಗಡೆಯ ಅಂಕಿಗಳನ್ನು ಪುಡಿ ಎಂದು ಉಡಾಫೆ ಮಾಡುವವರಿಗೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ನೆನಪಿಸಬೇಕು. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡು, ಕಂಚು ಗೆದ್ದ ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41. ಕಳೆದು ನೋಡಿ.

ಆದರೆ ಕಾಣುವ ಚುಕ್ಕಿಯೆಲ್ಲ ದಶಮಾಂಶವಲ್ಲ! ವಾಕ್ಯರೂಪದ ಲೆಕ್ಕದಲ್ಲಿ ಜಾಣರೂ ಜಾರುವುದು ಇಲ್ಲೇ. ರೈಲು 9.45ಕ್ಕೆ ಬಿಟ್ಟಿತು, ಪ್ರಯಾಣ 2.30 ಗಂಟೆ ಎಂದು ಬರೆದಿದ್ದರೆ 12.15ಕ್ಕೆ ಬರುತ್ತದೆ, 11.75ಕ್ಕಲ್ಲ. ಅಲ್ಲಿ ಮನೆ ತುಂಬುವುದು 60ಕ್ಕೆ. ವಧೂವರರ ಅಂಕಣದಲ್ಲಿ ಹುಡುಗ 5.10 ಅಡಿ, ಹುಡುಗಿ 5.4 ಎಂದಿರುತ್ತದೆ. ದಶಮಾಂಶವಾಗಿದ್ದರೆ ಹುಡುಗಿಯೇ ಎತ್ತರ. ಅಡಿಗೆ 12 ಅಂಗುಲವಾದ್ದರಿಂದ ಹುಡುಗ ಆರು ಅಂಗುಲ ಎತ್ತರ. ಬೀಗರು ಗಾಬರಿಯಾಗಬೇಕಿಲ್ಲ.

ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಕೊಟ್ಟದ್ದು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. 1999ರ ಫೆಬ್ರುವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಒಬ್ಬರೇ ಉರುಳಿಸಿದ ಪಂದ್ಯ. ಮೊದಲ ಇನಿಂಗ್ಸ್‌ನಲ್ಲಿ ಅವರು ಎಸೆದದ್ದು 24.3 ಓವರು, ನಾಲ್ಕು ವಿಕೆಟ್. ಎರಡನೆಯದರಲ್ಲಿ 26.3 ಓವರು, 74 ರನ್ನಿಗೆ ಹತ್ತು ವಿಕೆಟ್. ಪಂದ್ಯದಲ್ಲಿ ಒಟ್ಟು ಎಷ್ಟು ಓವರು ಎಸೆದರು? ಕಣ್ಣು ಮುಚ್ಚಿ ಕೂಡಿದರೆ 50.6. ಆದರೆ ಓವರಿನ ಚುಕ್ಕಿಯ ಬಲಗಡೆ ಇರುವುದು ಎಸೆತಗಳು, ಆರಾದ ಕೂಡಲೇ ಅದೊಂದು ಓವರು. ಮೂರೂ ಮೂರೂ ಆರು. ಉತ್ತರ ಸರಿಯಾಗಿ 51 ಓವರು, 306 ಎಸೆತ. 50.6 ಎಂಬ ಓವರೇ ಇಲ್ಲ. ಹಾಗಾದರೆ ಲೆಕ್ಕಕ್ಕೆ ಕೈಹಾಕುವ ಮುಂಚೆ ಕೇಳಬೇಕಾದ್ದು ಒಂದೇ: ಈ ಚುಕ್ಕಿಯ ಬಲಗಡೆ ಎಷ್ಟಕ್ಕೆ ಮನೆ ತುಂಬುತ್ತದೆ? ಹತ್ತಕ್ಕಾದರೆ ದಶಮಾಂಶ. ಬೇರೆ ಯಾವುದಕ್ಕಾದರೂ ಹಳೆಯ ಆಣೆ ಪೈಗಳ ಜಾತಿ.

ವಾಕ್ಯರೂಪದ ಲೆಕ್ಕ ನಮಗೆ ಹೊಸದೇನಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ಕನ್ನಡದಲ್ಲೇ ಗಣಿತ ಬರೆದ. ಅವನ ಒಂದು ಕೃತಿಯ ಹೆಸರು ‘ವ್ಯವಹಾರಗಣಿತ’. ದಶಮಾಂಶದ ಚುಕ್ಕಿ ಆಗ ಇರಲಿಲ್ಲ, ಭಿನ್ನರಾಶಿಗಳದೇ ರಾಜ್ಯ. ಯೂರೋಪಿನಲ್ಲಿ ದಶಮಾಂಶವನ್ನು ಪ್ರಚಾರಕ್ಕೆ ತಂದ ಸೈಮನ್ ಸ್ಟೆವಿನ್ನನ ಪುಸ್ತಕ ಬಂದದ್ದು 1585ರಲ್ಲಿ. ಆದರೂ ಲೆಕ್ಕವನ್ನು ಮಾತಿನಲ್ಲಿ ಕೇಳಿ, ಮಾತಿನಲ್ಲಿ ಅರ್ಥ ಮಾಡಿಕೊಳ್ಳುವ ಪರಂಪರೆ ಕನ್ನಡಕ್ಕೆ ಅಷ್ಟು ಹಳೆಯದು. ಕನ್ನಡ ಎಂ.ಎ. ಮಾಡುವವರೂ ಅವನನ್ನು ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ಇರಲಿ.

ಪುಣೆಯ ಆ ತಾಯಿಗೆ ನಾನು ಹೇಳುವುದು ಇದು. ಲೆಕ್ಕವನ್ನು ಮಗಳು ಇಂಗ್ಲಿಷಿನಲ್ಲಿ ಓದಲಿ, ನಿಮಗೆ ಕನ್ನಡದಲ್ಲಿ ಕತೆಯಾಗಿ ಹೇಳಲಿ. ಆಮೇಲೆ ಪೆನ್ಸಿಲ್ ಹಿಡಿಯಲಿ. ‘ರವಿ 1.4 ಕಿಲೋಮೀಟರ್ ನಡೆದ, ಇದು ಅವನ ಅಣ್ಣ ನಡೆದದ್ದಕ್ಕಿಂತ 0.35 ಹೆಚ್ಚು, ಅಣ್ಣ ಎಷ್ಟು ನಡೆದ?’ ಎಂಬ ಲೆಕ್ಕ ಇರಲಿ. ‘ಹೆಚ್ಚು’ ಎಂಬ ಪದ ಕಂಡ ಕೂಡಲೇ ಮಕ್ಕಳು ಕೂಡಿಬಿಡುತ್ತಾರೆ, 1.75 ಎನ್ನುತ್ತಾರೆ. ಹೆಚ್ಚು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ ಎಂಬ ಗುಟ್ಟುಪದಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅಮ್ಮನಿಗೆ ಕತೆ ಹೇಳುವ ಮಗು, ‘ರವಿ ಜಾಸ್ತಿ ನಡೆದಿದ್ದಾನಮ್ಮಾ, ಅಣ್ಣ ಕಡಿಮೆ’ ಎಂದು ತಾನೇ ಹೇಳುತ್ತದೆ. ಅಷ್ಟು ಬಾಯಿಗೆ ಬಂದರೆ 1.40 − 0.35 = 1.05 ತಾನಾಗಿ ಬರುತ್ತದೆ. ಆಗ ಡೆಸಿಮಲ್ ಗೊತ್ತಿಲ್ಲದ ಅಮ್ಮ ಯಾರು ಎಂದು ಮಗಳೇ ಹುಡುಕಲಿ.

ಅಂದ ಹಾಗೆ ರೇಡಿಯೋದ ಮೇಲೆ ಬೆರಳಾಡಿಸುವಾಗ ಒಂದು ಸರಣಿ ಗಮನಿಸಿದ್ದೀರಾ? 91.1, 91.9, 92.7, 93.5, 94.3. ಒಂದೇ ಊರಿನ ಎಫ್ಎಂ ಕೇಂದ್ರಗಳು ಒಂದರ ಮೇಲೊಂದು ಬೀಳದಂತೆ ನಡುವೆ 0.8 ಮೆಗಾಹರ್ಟ್ಸ್ ಅಂತರ ಇಟ್ಟು ಹಂಚಿದ್ದು. 91.9ಕ್ಕೆ 0.8 ಕೂಡಿಸಿ, ದಶಕ ಏರಿಸುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಪಾಠ ನನ್ನ ಬಳಿ ಇಲ್ಲ.

ಕೊನೆಗೆ ನಿಮಗೊಂದು ಲೆಕ್ಕ. ಉತ್ತರವನ್ನು ಎಂದಿನಂತೆ ಬರೆದು ಕಳಿಸಿ, ಮಕ್ಕಳ ಕೈಯಲ್ಲೇ ಬರೆಸಿದರೆ ಇನ್ನೂ ಸಂತೋಷ. ಹಬ್ಬದ ಹೋಳಿಗೆಗೆಂದು ಒಬ್ಬರು ಮಾಟುಂಗಾ ಮಾರ್ಕೆಟ್ಟಿಗೆ ಹೋದರು. ಪಾವಣೇದೋನ್ ಕಿಲೋ ಬೆಲ್ಲ, ಅಡೀಚ್ ಕಿಲೋ ಕಡಲೆಬೇಳೆ, ಒಂದೂಕಾಲು ಕಿಲೋ ಮೈದಾ, 50 ಗ್ರಾಂ ಏಲಕ್ಕಿ ಕೊಂಡರು. ಕೈಚೀಲ ತಡೆಯುವುದು 6 ಕಿಲೋ ಮಾತ್ರ. ಅದರೊಳಗೆ ಇನ್ನು ಅರ್ಧ ಕಿಲೋ ಕೊಬ್ಬರಿ ಹಾಕಬಹುದೇ?